ಹೋದ ವಾರ ಬಿಡಿಸಿದ ಕಾನ್‌ಫ್ಲಿಕ್ಟೇ ಮತ್ತೆ ಬರ್ತಿದೆ, ಯಾಕೆ?

ಪ್ರಶ್ನೆ: ಸರ್, ನಮ್ಮ ಸಾಫ್ಟ್‌ವೇರ್‌ನ ಎರಡು ಹಳೆ ವರ್ಷನ್ ಇನ್ನೂ ಗ್ರಾಹಕರ ಹತ್ತಿರ ಓಡ್ತಿವೆ. ಅದಕ್ಕೆ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ 3.1, 3.2, ಮೇನ್ ಅಂತ ಮೂರು ಬ್ರಾಂಚ್ (ಕೋಡ್‌ನ ಬೇರೆ ಬೇರೆ ಕವಲು) ಇಟ್ಟಿದ್ದೇವೆ. 3.1ರಲ್ಲಿ ಬಗ್ ಸರಿಮಾಡಿ, ಅಲ್ಲಿಂದ 3.2ಕ್ಕೆ, ಆಮೇಲೆ ಮೇನ್‌ಗೆ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಹಾಕಿ, ಎಲ್ಲ ಬದಲಾವಣೆಯನ್ನೂ ಒಂದೇ ಕಮಿಟ್ (ಬದಲಾವಣೆಯ ಒಂದು ದಾಖಲೆ) ಆಗಿ ಸೇರಿಸುವ ‘ಸ್ಕ್ವಾಷ್ ಅಂಡ್ ಮರ್ಜ್’ ಒತ್ತುತ್ತೇವೆ. ಪ್ರತಿ ಸಲ ಅದೇ ಫೈಲ್, ಅದೇ ಸಾಲಿನಲ್ಲಿ ಕಾನ್‌ಫ್ಲಿಕ್ಟ್, ಅಂದರೆ ಎರಡು ಕಡೆಯ ಬದಲಾವಣೆ ಹೊಂದದೆ ಯಾವುದು ಬೇಕು ಅಂತ ಗಿಟ್ ನಮ್ಮನ್ನೇ ಕೇಳುತ್ತೆ. ಮೊನ್ನೆ ರಾತ್ರಿ ಹನ್ನೊಂದರವರೆಗೆ ಕೂತು ಬಿಡಿಸುವಾಗ ಒಂದು ಫಿಕ್ಸೇ ಅಳಿಸಿಹೋಯಿತು. ನಮ್ಮ ತಪ್ಪು ಎಲ್ಲಿದೆ?

ಉತ್ತರ: ಆ ಸ್ಕ್ವಾಷ್‌ನಲ್ಲೇ ಇದೆ. ಮರ್ಜ್ ಮಾಡುವಾಗ ಗಿಟ್ ಮೂರು ಪ್ರತಿ ನೋಡುತ್ತೆ: ಈ ಬ್ರಾಂಚಿನದು, ಆ ಬ್ರಾಂಚಿನದು, ಎರಡೂ ಕೊನೆಯ ಸಲ ಒಂದಾಗಿದ್ದ ಜಾಗದ್ದು. ಆ ಮೂರನೆಯದಕ್ಕೇ ಮರ್ಜ್ ಬೇಸ್ ಅನ್ನೋದು. ಮಾಮೂಲಿ ಮರ್ಜ್ ಕಮಿಟ್‌ಗೆ ಎರಡು ಪೇರೆಂಟ್ (ಎರಡೂ ಬ್ರಾಂಚಿನ ಹಿಂದಿನ ಕಮಿಟ್‌ಗೆ ಕೊಂಡಿ) ಇರೋದರಿಂದ ಬೇಸ್ ಮುಂದಕ್ಕೆ ಬರುತ್ತೆ, ಒಮ್ಮೆ ಬಿಡಿಸಿದ್ದನ್ನು ಮತ್ತೆ ಕೇಳಲ್ಲ. ಸ್ಕ್ವಾಷ್‌ನಲ್ಲಿ ಕೋಡ್ ಬರುತ್ತೆ, ಎಲ್ಲಿಂದ ಬಂತು ಅನ್ನೋ ಕೊಂಡಿ ಬರಲ್ಲ. ಹಾಗಾಗಿ ಗಿಟ್ ಲೆಕ್ಕದಲ್ಲಿ ನೀವಿನ್ನೂ ಮರ್ಜೇ ಮಾಡಿಲ್ಲ.

ಚಿಕ್ಕ ಫೀಚರ್ ಬ್ರಾಂಚ್‌ಗೆ ಸ್ಕ್ವಾಷ್ ಮಾಡಿ, ಅದನ್ನು ಹೇಗೂ ಅಳಿಸ್ತೀರಲ್ವಾ. ವರ್ಷಗಟ್ಟಲೆ ಉಳಿಯುವ ಬ್ರಾಂಚ್‌ಗಳ ನಡುವೆ ದಯವಿಟ್ಟು ಬೇಡ. ಈಗ ಒಂದೇ ಒಂದು ಸಲ 3.1ನ್ನು 3.2ಕ್ಕೆ, 3.2ನ್ನು ಮೇನ್‌ಗೆ ಮಾಮೂಲಿ ಮರ್ಜ್ ಮಾಡಿ. ಕಾನ್‌ಫ್ಲಿಕ್ಟ್ ಜಾಸ್ತಿನೇ ಬರುತ್ತೆ, ತಾಳ್ಮೆಯಿಂದ ಬಿಡಿಸಿ.

ಫಿಕ್ಸ್ ಅಳಿಸಿಹೋಗಿದ್ದಕ್ಕೂ ಒಂದು ಮಾತು. ಕಾನ್‌ಫ್ಲಿಕ್ಟ್ ಸ್ಟೈಲ್ ಅನ್ನೋ ಸೆಟ್ಟಿಂಗನ್ನು ‘ಡಿಫ್3’ ಮಾಡಿ, ಬೇಸ್ ಪ್ರತಿಯೂ ನಡುವೆ ಕಾಣುತ್ತೆ. ಉದಾಹರಣೆಗೆ ಒಂದು ಕಡೆ ಟೈಮ್‌ಔಟ್ 30, ರಿಟ್ರೈ 5 ಇದೆ. ಇನ್ನೊಂದು ಕಡೆ 60 ಮತ್ತು 3. ಇಷ್ಟೇ ನೋಡಿದರೆ ಯಾರೋ ಒಬ್ಬರದು ಸರಿ ಅಂದುಕೊಂಡು ಇನ್ನೊಂದನ್ನು ಅಳಿಸಿಬಿಡ್ತೀವಿ. ಬೇಸ್‌ನಲ್ಲಿ 30 ಮತ್ತು 3 ಇದ್ದದ್ದು ಕಂಡರೆ, ಇಬ್ಬರೂ ಒಂದೊಂದು ಸಾಲು ಬದಲಿಸಿದ್ದಾರೆ, ಬೇಕಾದದ್ದು 60 ಮತ್ತು 5 ಅಂತ ತಕ್ಷಣ ಗೊತ್ತಾಗುತ್ತೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಆದರೆ ವರ್ಷನ್ ನಂಬರ್ ಇರೋ ಫೈಲ್? 3.1.7 ಅನ್ನೋದು ಮೇನ್‌ಗೆ ಬರಬಾರದಲ್ವಾ?

ಉತ್ತರ: ನಂಬರ್ ಬದಲಿಸುವುದನ್ನು ಬೇರೆಯೇ ಕಮಿಟ್ ಮಾಡಿ. ಮೊದಲು ಅದರ ಹಿಂದಿನ ಕಮಿಟ್‌ವರೆಗೆ ಮಾಮೂಲಿ ಮರ್ಜ್ ಮಾಡಿ, ಆಮೇಲೆ ಅದೊಂದನ್ನು ಮಾತ್ರ ‘-ಎಸ್ ಅವರ್ಸ್’ (ಸೇರಿಸಿಕೊಳ್ಳುವ ಬ್ರಾಂಚಿನ ಕೋಡನ್ನೇ ಹಾಗೇ ಉಳಿಸುವ ಆಯ್ಕೆ) ಹಾಕಿ ಮರ್ಜ್ ಮಾಡಿ. ಆಗ ಕೊಂಡಿ ಸಿಗುತ್ತೆ, ನಂಬರ್ ಬರಲ್ಲ. ಈ ಕ್ರಮ ತಪ್ಪಿಸಬೇಡಿ, ಆ ಮರ್ಜ್ ಒಳಗೆ ಫಿಕ್ಸ್ ಏನಾದರೂ ಸೇರಿಕೊಂಡಿದ್ದರೆ ಅದೂ ಸದ್ದಿಲ್ಲದೆ ಬಿಟ್ಟುಹೋಗುತ್ತೆ, ಗಿಟ್ ಒಂದು ಎಚ್ಚರಿಕೆಯನ್ನೂ ಕೊಡಲ್ಲ.