ಒಂದೇ ಸರಳು, ಎರಡು ವರದಿ: ಎಲಾಂಗೇಶನ್ ಏಕೆ ಬೇರೆ ಬಂದಿದೆ?

ಪ್ರಶ್ನೆ
ಒಂದೇ ಉಕ್ಕಿನ ಸರಳಿನಿಂದ 12.5 ಮಿ.ಮೀ. ವ್ಯಾಸದ ಎರಡು ಮಾದರಿಗಳನ್ನು ಲೇಥ್‌ನಲ್ಲಿ ಕಡೆಸಿ, ಕರ್ಷಣ ಪರೀಕ್ಷೆಗೆಂದು (ಮುರಿಯುವವರೆಗೆ ಎಳೆದು ನೋಡುವ ಪರೀಕ್ಷೆ) ಎರಡು ಪ್ರಯೋಗಾಲಯಗಳಿಗೆ ಕಳುಹಿಸಿದ್ದೆವು. ಗರಿಷ್ಠ ಕರ್ಷಣ ಸಾಮರ್ಥ್ಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದೆ. ಎಲಾಂಗೇಶನ್ (ಮುರಿಯುವಷ್ಟರಲ್ಲಿ ಮಾದರಿ ಶೇಕಡಾ ಎಷ್ಟು ಹಿಗ್ಗಿತು ಎಂಬುದು) ಮಾತ್ರ ಒಂದರಲ್ಲಿ ಶೇ. 27, ಇನ್ನೊಂದರಲ್ಲಿ ಶೇ. 24.6. ಗ್ರಾಹಕರ ಕನಿಷ್ಠ ಮಿತಿ ಶೇ. 25. ಯಾವುದನ್ನು ನಂಬಬೇಕು?

ಉತ್ತರ 1
ಎರಡೂ ಸರಿಯಿರಬಹುದು. ಮೊದಲು ಗೇಜ್ ಉದ್ದವನ್ನು, ಅಂದರೆ ಹಿಗ್ಗುವಿಕೆ ಅಳೆಯಲು ಎಳೆಯುವ ಮೊದಲೇ ಮಾದರಿಯ ಮೇಲೆ ಗುರುತಿಸಿದ ಉದ್ದವನ್ನು ನೋಡಿ. ದುಂಡು ಮಾದರಿಗೆ ಎಎಸ್‌ಟಿಎಂ ಇ8 ಎಂಬ ಅಮೆರಿಕದ ಪರೀಕ್ಷಾ ಮಾನದಂಡದ ಪದ್ಧತಿಯಲ್ಲಿ ಅದು ಸಾಮಾನ್ಯವಾಗಿ ವ್ಯಾಸದ 4 ಪಟ್ಟು, ಅಂದರೆ 50 ಮಿ.ಮೀ.; ಐಎಸ್‌ಒ 6892-1 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 5 ಪಟ್ಟು, ಅಂದರೆ 62.5 ಮಿ.ಮೀ. ಬಲವು ಗರಿಷ್ಠ ಮಟ್ಟ ಮುಟ್ಟುವವರೆಗೆ ಮಾದರಿ ಎಲ್ಲೆಡೆ ಸಮನಾಗಿ ಹಿಗ್ಗುತ್ತದೆ. ಆಮೇಲೆ ಒಂದೇ ಜಾಗದಲ್ಲಿ ನೆಕ್ (ಕತ್ತಿನಂತೆ ಸಣ್ಣಗಾದ ಭಾಗ) ಮೂಡಿ, ಮುಂದಿನ ಹಿಗ್ಗುವಿಕೆಯೆಲ್ಲ ಅಲ್ಲಿಯೇ ನಡೆಯುತ್ತದೆ. ಸಮನಾದ ಹಿಗ್ಗುವಿಕೆ ಶೇ. 15, ನೆಕ್‌ನಿಂದ ಸೇರಿದ್ದು 6 ಮಿ.ಮೀ. ಎಂದು ಊಹಿಸಿಕೊಳ್ಳಿ. 50 ಮಿ.ಮೀ.ಗೆ 7.5 ಮತ್ತು 6 ಸೇರಿ 13.5 ಮಿ.ಮೀ., ಅಂದರೆ ಶೇ. 27. 62.5 ಮಿ.ಮೀ.ಗೆ ಸುಮಾರು 9.4 ಮತ್ತು 6 ಸೇರಿ 15.4 ಮಿ.ಮೀ., ಅಂದರೆ ಶೇ. 24.6. ಸಾಮರ್ಥ್ಯವೆಂದರೆ ಬಲವನ್ನು ಮೂಲ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು. ಅದರ ಲೆಕ್ಕದಲ್ಲಿ ಉದ್ದಕ್ಕೆ ಜಾಗವೇ ಇಲ್ಲದ್ದರಿಂದ ಆ ಅಂಕಿ ಬದಲಾಗಿಲ್ಲ.

ಪ್ರಶ್ನಿಸಿದವರು
ಮೊದಲ ವರದಿಯಲ್ಲಿ 50 ಮಿ.ಮೀ. ಎಂದಿದೆ. ಎರಡನೆಯದರಲ್ಲಿ ಗೇಜ್ ಉದ್ದವನ್ನೇ ನಮೂದಿಸಿಲ್ಲ.

ಉತ್ತರ 2
ಗೇಜ್ ಉದ್ದವಿಲ್ಲದ ಎಲಾಂಗೇಶನ್ ಅಂಕಿಗೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ. ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಶೇ. 25ರ ಮಿತಿ ಯಾವ ಗೇಜ್ ಉದ್ದಕ್ಕೆ ಎಂಬುದನ್ನೂ ಗ್ರಾಹಕರಿಂದ ತಿಳಿದುಕೊಳ್ಳಿ. ಇಂಗಾಲದ ಉಕ್ಕು ಮತ್ತು ಕಡಿಮೆ ಮಿಶ್ರಲೋಹದ ಉಕ್ಕುಗಳಿಗೆ ಒಂದು ಗೇಜ್ ಉದ್ದದ ಅಂಕಿಯನ್ನು ಇನ್ನೊಂದಕ್ಕೆ ಪರಿವರ್ತಿಸುವ ಐಎಸ್‌ಒ 2566-1 ಇದೆ, ಆದರೆ ಮಿತಿಯ ಅಂಚಿನಲ್ಲಿರುವ ಇಂಥ ಪ್ರಕರಣವನ್ನು ಪರಿವರ್ತನೆಯ ಬಲದ ಮೇಲೆ ತೀರ್ಮಾನಿಸದಿರುವುದು ಒಳ್ಳೆಯದು. ಮುರಿದ ತುಂಡುಗಳನ್ನೂ ತರಿಸಿ ನೋಡಿ: ಗೇಜ್ ಗುರುತಿನ ಸಮೀಪವೇ ಮುರಿದಿದ್ದರೆ ನೆಕ್‌ನ ಒಂದು ಭಾಗ ಅಳತೆಯಿಂದ ಹೊರಗುಳಿದು ಅಂಕಿ ತಗ್ಗುತ್ತದೆ.

ಉತ್ತರ 3
ಮರುಪರೀಕ್ಷೆ ಮಾಡಿಸುವುದಾದರೆ, ಸಮಾನ ವ್ಯಾಸದ ಭಾಗವನ್ನು 62.5 ಮಿ.ಮೀ.ಗಿಂತ ಸಾಕಷ್ಟು ಉದ್ದವಾಗಿ ಕಡೆಸಿ, ಎಳೆಯುವ ಮೊದಲೇ ಅದರುದ್ದಕ್ಕೂ ಸಮ ಅಂತರದಲ್ಲಿ ನವುರಾದ ಗುರುತುಗಳನ್ನು ಹಾಕಿಸಿ. ಗೀರು ಆಳವಾದರೆ ಅಲ್ಲಿಂದಲೇ ಬಿರುಕು ಶುರುವಾದೀತು, ಶಾಯಿ ಸಾಕು. ಮುರಿದ ಮೇಲೆ ತುಂಡುಗಳನ್ನು ಜೋಡಿಸಿ ಎರಡೂ ಗೇಜ್ ಉದ್ದಗಳ ಎಲಾಂಗೇಶನ್ ಅನ್ನು ಒಂದೇ ಮಾದರಿಯಿಂದ ಅಳೆಯಬಹುದು.