ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿಗೆ ಹಾಕುವ ಮುನ್ನ

ಅತ್ತಿಗೆ, ಅಂಗಡಿ ಖಾತೆಯ ಸ್ಟೇಟ್‌ಮೆಂಟಿನ ಸಿಎಸ್‌ವಿ ಫೈಲು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾಲುಗಳ ಫೈಲು) ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶಕ್ಕೆ ಹೋಗುತ್ತಿಲ್ಲ, ದಿನಾಂಕಗಳೆಲ್ಲ ಅದಲುಬದಲಾಗಿವೆ, ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಪರಿವರ್ತಿಸಿಕೊಡುವ ಯಾವುದಾದರೂ ತಾಣಕ್ಕೆ ಹಾಕಲೇ ಎಂದು ನಿನ್ನೆ ಕೇಳಿದ್ದಿರಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಕಬೇಡಿ. ಆ ಫೈಲಿನಲ್ಲಿ ನಮ್ಮ ಖಾತೆ ಸಂಖ್ಯೆಯಷ್ಟೇ ಅಲ್ಲ, ಗಿರಾಕಿಗಳ ಹೆಸರು, ಅವರ ಯುಪಿಐ ಐಡಿ, ಯಾರಿಂದ ಎಷ್ಟು ಬಂತು ಎಂಬುದೆಲ್ಲ ಇರುತ್ತದೆ. ನಮ್ಮನ್ನು ನಂಬಿ ಹಣ ಕಳಿಸಿದವರ ವಿವರವನ್ನು ಗುರುತಿಲ್ಲದವರ ಕೈಗೆ ಕೊಡುವುದು ಸರಿಯಲ್ಲ. ಕೆಲಸವಂತೂ ಮನೆಯ ಕಂಪ್ಯೂಟರಿನಲ್ಲೇ ಆಗುತ್ತದೆ.

ದಿನಾಂಕ ಕೆಡುವುದು ಸಾಮಾನ್ಯವಾಗಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/04/2025, ಅಂದರೆ ಏಪ್ರಿಲ್ 5, ಮೇ 4 ಆಗಿಬಿಡುತ್ತದೆ. 13ರಿಂದ ಮುಂದಿನ ತಾರೀಖುಗಳನ್ನು ತಿಂಗಳೆಂದು ಓದಲು ಬಾರದ ಕಾರಣ ಅವು ಬರೀ ಅಕ್ಷರಗಳಾಗಿ ಉಳಿಯುತ್ತವೆ. ಆ ಕಾಲಮ್ಮನ್ನು ಸ್ವಲ್ಪ ಅಗಲ ಮಾಡಿ ನೋಡಿ. ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಆಗಿರುವುದು ಇದೇ. ಯುಪಿಐಯ 12 ಅಂಕಿಗಳ ರೆಫರೆನ್ಸ್ ಸಂಖ್ಯೆಯೂ ಹೀಗೆಯೇ ಮೊಟಕಾಗಿ ಕಾಣುತ್ತದೆ, ಅದನ್ನು ಹಾಗೆಯೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಉಳಿದ ಅಂಕಿಗಳು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಬ್ಯಾಂಕಿನಿಂದ ಫೈಲನ್ನು ಹೊಸದಾಗಿ ಇಳಿಸಿಕೊಂಡು, ಮೂಲ ಪ್ರತಿಯನ್ನು ಮುಟ್ಟದೆ, ಖಾಲಿ ಎಕ್ಸೆಲ್ ಹಾಳೆಯಲ್ಲಿ ಡೇಟಾ ಎಂಬ ಟ್ಯಾಬಿನ ಮೂಲಕ ಅದನ್ನು ಒಳಗೆ ತನ್ನಿ. ಆಗ ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನೂ ರೆಫರೆನ್ಸ್ ಸಂಖ್ಯೆಗೆ ಟೆಕ್ಸ್ಟ್ ಎಂಬುದನ್ನೂ ನೀವೇ ಆರಿಸಬಹುದು. ಮೇಲಿನ ವಿಳಾಸದ ಸಾಲುಗಳನ್ನೂ ಕೆಳಗಿನ ಒಟ್ಟು ಮೊತ್ತದ ಸಾಲನ್ನೂ ತೆಗೆದುಹಾಕಿ.

ಇನ್ನು ವೋಚರ್ ವಿಂಗಡಣೆ, ಅಂದರೆ ಪ್ರತಿ ವ್ಯವಹಾರವನ್ನು ಟ್ಯಾಲಿಯಲ್ಲಿ ಯಾವ ಬಗೆಯ ನಮೂದಾಗಿ ಬರೆಯಬೇಕು ಎಂಬುದು, ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬ್ಯಾಂಕಿನವರು ಕ್ರೆಡಿಟ್ ಎಂದು ಬರೆದದ್ದು ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಲೆಡ್ಜರಿಗೆ (ಬ್ಯಾಂಕಿನ ಹೆಸರಿನ ಲೆಕ್ಕಕ್ಕೆ) ಡೆಬಿಟ್ ಆಗುತ್ತದೆ. ಹೋದ ಹಣ ಪೇಮೆಂಟ್, ಬಂದ ಹಣ ರಿಸೀಟ್. ಆದರೆ ಅಣ್ಣ ಗಲ್ಲಾದ ನಗದನ್ನು ಬ್ಯಾಂಕಿಗೆ ಕಟ್ಟಿದ್ದು ಕಾಂಟ್ರಾ, ಅಂದರೆ ನಮ್ಮದೇ ನಗದು ಮತ್ತು ಬ್ಯಾಂಕಿನ ನಡುವೆ ಹಣ ಸಾಗಿದ ನಮೂದು. ಅದನ್ನು ಮಾರಾಟದ ರಿಸೀಟಾಗಿ ಹಾಕಿದರೆ ಅದೇ ವ್ಯಾಪಾರ ಎರಡು ಸಲ ಲೆಕ್ಕಕ್ಕೆ ಬಂದು, ಕ್ಯಾಶ್ ಲೆಡ್ಜರಿನಲ್ಲಿ ಇಲ್ಲದ ಹಣ ಇರುವಂತೆ ತೋರಿಸುತ್ತದೆ.

ಟ್ಯಾಲಿಪ್ರೈಮ್ 4.0 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಎಕ್ಸೆಲ್ ಹಾಳೆಯನ್ನೇ ಇಂಪೋರ್ಟ್ ಮಾಡಬಹುದು, ಹಳೆಯದಕ್ಕೆ ಎಕ್ಸ್‌ಎಂಎಲ್ ಎಂಬ ಬೇರೆ ಬಗೆಯ ಫೈಲು ಬೇಕು. ಮೊದಲು ಕಂಪನಿಯ ಬ್ಯಾಕಪ್ ತೆಗೆದು, ಒಂದೇ ತಿಂಗಳನ್ನು ಹಾಕಿ, ಆರಂಭದ ಬಾಕಿಗೆ ಜಮೆ ಕೂಡಿಸಿ ಖರ್ಚು ಕಳೆದಾಗ ಸ್ಟೇಟ್‌ಮೆಂಟಿನ ಕೊನೆಯ ಬಾಕಿ ಪೈಸೆಯವರೆಗೂ ಬರುತ್ತದೆಯೇ ನೋಡಿ. ಬಾರದಿದ್ದರೆ ಮುಂದಿನ ತಿಂಗಳಿಗೆ ಹೋಗದೆ, ತಪ್ಪಿರುವ ಸಾಲುಗಳನ್ನಷ್ಟೇ, ಖಾತೆ ಸಂಖ್ಯೆ ಮತ್ತು ಹೆಸರುಗಳನ್ನು ಅಳಿಸಿ, ಗುಂಪಿಗೆ ಹಾಕದೆ ನನಗೇ ಕಳಿಸಿ.