ಭೂಮಿಯ ಸಮೀಕರಣ ಕೋಡ್ ಆಗೋದು ಹೇಗೆ?

ಬೆಣ್ಣೆದೋಸೆ_ದಾವಣಗೆರೆ:
ಇಲ್ಲೇ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹವಾಮಾನದ ಮಾಡೆಲ್ ಅಂದ್ರೆ ಡಿಫರೆನ್ಷಿಯಲ್ ಸಮೀಕರಣಗಳ (ಯಾವುದು ಎಷ್ಟು ವೇಗವಾಗಿ ಬದಲಾಗುತ್ತೆ ಅಂತ ಹೇಳುವ ಸಮೀಕರಣಗಳ) ಕಂತೆ ಅಂತ ಗೊತ್ತು. ಆದರೆ ಕಂಪ್ಯೂಟರ್‌ಗೆ ಬರೋದು ಕೂಡು, ಕಳೆ ಅಷ್ಟೇ ಅಲ್ವಾ? ನಡುವೆ ಏನಾಗುತ್ತದೆ?

ಕೋಟೆ_ಕೋಡರ್:
ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತಾರೆ, ಮೇಲಕ್ಕೂ ಪದರ ಪದರವಾಗಿ. ಒಂದು ಚೌಕಕ್ಕೆ ಒಂದೇ ಉಷ್ಣಾಂಶ, ಒಂದೇ ಒತ್ತಡ. ಸಮೀಕರಣದಲ್ಲಿ ಡೆರಿವೇಟಿವ್, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ದರ, ಇದ್ದ ಕಡೆ ಪಕ್ಕದ ಚೌಕದ ಜೊತೆಗಿನ ವ್ಯತ್ಯಾಸ ಇಡುತ್ತಾರೆ. ಗಾಳಿ ಬರುವ ಕಡೆಯ ಚೌಕ 30 ಡಿಗ್ರಿ, ನಿಮ್ಮದು 28, ನಡುವೆ 10 ಕಿ.ಮೀ., ಗಾಳಿ ಸೆಕೆಂಡಿಗೆ 5 ಮೀಟರ್ ಅಂದುಕೊಳ್ಳಿ. 100 ಸೆಕೆಂಡಿನ ಒಂದು ಹೆಜ್ಜೆಗೆ 2 × 5 × 100 ÷ 10,000, ಅಂದರೆ 0.1. ಹೊಸ ಉಷ್ಣಾಂಶ 28.1. ಇದನ್ನೇ ಎಲ್ಲಾ ಚೌಕಕ್ಕೂ ಲೂಪ್ ಹಾಕಿ ಓಡಿಸೋದು, ಬಹಳಷ್ಟು ಕಡೆ ಇವತ್ತಿಗೂ ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲೇ!

ಬೆಣ್ಣೆದೋಸೆ_ದಾವಣಗೆರೆ:
ಹಾಗಾದ್ರೆ ಚೌಕ ಸಣ್ಣದು ಮಾಡಿದರೆ ಮುಗೀತಲ್ವಾ ಸರ್?

ಕೋಟೆ_ಕೋಡರ್:
ಅಲ್ಲೇ ಇರೋದು ತಾಪತ್ರಯ. ಒಂದು ಹೆಜ್ಜೆಯಲ್ಲಿ ಗಾಳಿ ಒಂದು ಚೌಕಕ್ಕಿಂತ ಮುಂದೆ ಹೋದರೆ ಇಂಥ ಲೆಕ್ಕ ಹುಚ್ಚು ಹಿಡಿದ ಹಾಗೆ ಏರುತ್ತದೆ, ಕೊನೆಗೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಹಾಗಾಗಿ ಚೌಕದ ಅಗಲ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ ಎಂಟು ಪಟ್ಟು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ತಯಾರಿಸಿದ, 2025ರಲ್ಲಿ ಬಂದ ಹವಾಮಾನ ಮುನ್ಸೂಚನೆಯ ಮಾಡೆಲ್ ಭಾರತ್ ಫೋರ್‌ಕಾಸ್ಟ್ ಸಿಸ್ಟಂನ ಚೌಕ 6 ಕಿ.ಮೀ. ಅದಕ್ಕೇ ಸೂಪರ್ ಕಂಪ್ಯೂಟರ್ ಬೇಕು.

ಜೋಗಿಮಟ್ಟಿ_ಮಳೆ:
ಇಬ್ಬರೂ ಮೋಡ ಮರೆತಿರಿ. ನೂರು ವರ್ಷದ ಹವಾಗುಣ ಲೆಕ್ಕ ಹಾಕುವ ಮಾಡೆಲ್‌ಗಳಲ್ಲಿ ಚೌಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು. ದಾವಣಗೆರೆ, ಚಿತ್ರದುರ್ಗ ಎರಡೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು! ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಕಟ್ಟಿ ಚಳ್ಳಕೆರೆಯಲ್ಲಿ ಬಿಸಿಲು ಹೊಡೆಯೋದು ಅದಕ್ಕೆ ಕಾಣೋದೇ ಇಲ್ಲ. ಆಗ ಇಷ್ಟು ತೇವ, ಇಷ್ಟು ಶಾಖ ಇದ್ದರೆ ಇಷ್ಟು ಮೋಡ ಅಂತ ಅಂದಾಜಿನ ಸೂತ್ರ ಬರೆಯುತ್ತಾರೆ, ಪ್ಯಾರಾಮೀಟರೈಸೇಷನ್ ಅಂತಾರಲ್ಲ, ಅದು. ನನ್ನ ಪ್ರಕಾರ ನಿಜವಾದ ಜಾಣತನ ಇರೋದು ಇಲ್ಲೇ, ಜಗಳ ಜಾಸ್ತಿ ಇರೋದೂ ಇಲ್ಲೇ.

ಆರಂಭದ ಅಂಕಿಗಳೂ ಸರಿ ಇರಬೇಕು. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಕೈಯಲ್ಲೇ ಲೆಕ್ಕ ಹಾಕಿ 1922ರಲ್ಲಿ ಪ್ರಕಟಿಸಿದ ಮುನ್ಸೂಚನೆಯಲ್ಲಿ ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರಿತ್ತು. ನಿಜದಲ್ಲಿ ಹೆಚ್ಚುಕಡಿಮೆ ಅಲುಗಾಡಿರಲಿಲ್ಲ. ಸಮೀಕರಣಗಳು ಸರಿಯಾಗೇ ಇದ್ದವು, ಶುರುವಿನ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಥ್ಯಾಂಕ್ಸ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಏನಾದ್ರೂ ಮಾಡಿ ನೋಡಬಹುದಾ?

ಕೋಟೆ_ಕೋಡರ್:
ಧಾರಾಳವಾಗಿ. ಒಂದೇ ಸಾಲಿನಲ್ಲಿ ನೂರು ಚೌಕ ಇಟ್ಟು ಮೇಲಿನ ಲೆಕ್ಕವನ್ನೇ ಪೈಥಾನ್‌ನಲ್ಲಿ ಬರೆಯಿರಿ. ಆಮೇಲೆ ಹೆಜ್ಜೆಯನ್ನು 3000 ಸೆಕೆಂಡ್ ಮಾಡಿ, ಅಂಕಿಗಳು ಹೇಗೆ ಎಗರುತ್ತವೆ ನೋಡಿ.